ಹಳೆಯ ವ್ಯಾನಿನ ದುರಸ್ತಿ: ಯಾವುದು ಮೊದಲು?

ಸಿಂಧನೂರು ತಾಲ್ಲೂಕಿನ ಸಾಲಗುಂದದಲ್ಲಿ ನನ್ನ ಬಂಧುಗಳ ಮೂರು ಮನೆಯವರು ಕೂಡಿ, ಭತ್ತ ಮಾರಿ ಬಂದ ಹಣದಿಂದ ಹಳೆಯ ವ್ಯಾನೊಂದನ್ನು ಕೊಂಡರು. ಯುಗಾದಿಗೆ ಶ್ರೀಶೈಲಕ್ಕೆ ಹೋಗಬೇಕು, ದಾರಿಯಲ್ಲಿ ಅಡುಗೆ ಮಾಡಿಕೊಳ್ಳಬೇಕು, ರಾತ್ರಿ ಅದರಲ್ಲಿಯೇ ಮಲಗಬೇಕು ಎಂಬುದು ಅವರ ಯೋಜನೆ. ಹಿಂದಿನ ಎರಡು ಸಾಲು ಆಸನಗಳನ್ನು ತೆಗೆದು ಹಲಗೆ ಹಾಸಿ, ಮೂಲೆಯಲ್ಲಿ ಒಲೆಗೆ ಜಾಗ ಮಾಡಿದ್ದರು. ಪಾಶ್ಚಾತ್ಯ ದೇಶಗಳಲ್ಲಿ ಇಂಥ ವಾಹನಕ್ಕೆ ಕ್ಯಾಂಪರ್ ವ್ಯಾನ್ ಎಂದು ಹೆಸರು. ೧೯೫೦ರ ದಶಕದ ಆರಂಭದಲ್ಲಿ ಜರ್ಮನಿಯ ವೆಸ್ಟ್‌ಫಾಲಿಯಾ ಸಂಸ್ಥೆಯು ಫೋಕ್ಸ್‌ವ್ಯಾಗನ್ ವ್ಯಾನುಗಳೊಳಗೆ ಹಾಸಿಗೆಯನ್ನೂ ಕಪಾಟನ್ನೂ ಜೋಡಿಸತೊಡಗಿದ ಮೇಲೆ ಇಂಥ ಚಕ್ರದ ಮನೆಗಳು ಜನಪ್ರಿಯವಾದವು. ಸಾಲಗುಂದದವರು ಆ ಹೆಸರನ್ನು ಕೇಳದೆಯೇ ಅದೇ ವಸ್ತುವನ್ನು ತಯಾರಿಸಿದ್ದರು.

ಮೆಕ್ಯಾನಿಕನು ವ್ಯಾನನ್ನು ನೋಡಿ ಹನ್ನೊಂದು ದೋಷಗಳ ಪಟ್ಟಿಯನ್ನು ಬರೆದುಕೊಟ್ಟ. ಪಕ್ಕದ ಜಾರುಬಾಗಿಲು ಬಡಿಯುತ್ತದೆ; ಏರಿನಲ್ಲಿ ಎಂಜಿನ್ನು ಕಪ್ಪು ಹೊಗೆ ಬಿಡುತ್ತದೆ; ಸೈಲೆನ್ಸರಿನ ಕೊಳವೆಯಲ್ಲಿ ತೂತು ಬಿದ್ದಿದೆ; ಮೂರು ಆಸನಗಳ ಬೋಲ್ಟುಗಳು ಸಡಿಲವಾಗಿವೆ; ಹಿಂಬದಿಯ ಎಡದೀಪ ಉರಿಯುವುದಿಲ್ಲ; ಎರಡು ಟೈರುಗಳು ಹಳತಾಗಿವೆ; ಒಳಗೆ ಹೆಚ್ಚಾಗಿ ಜೋಡಿಸಿದ ದೀಪ, ಫ್ಯಾನುಗಳ ವಯರುಗಳು ಗೋಜಲಾಗಿವೆ; ರೇಡಿಯೇಟರು ತೊಟ್ಟಿಕ್ಕುತ್ತದೆ; ವೈಪರಿನ ರಬ್ಬರು ಒಣಗಿದೆ; ಛಾವಣಿ ತುಕ್ಕು ಹಿಡಿದು ಸೋರುತ್ತದೆ; ಬಣ್ಣ ಕಿತ್ತುಹೋಗಿದೆ. ಕೈಯಲ್ಲಿ ಉಳಿದಿದ್ದ ಹಣವಾದರೋ ಈ ಪಟ್ಟಿಯ ಅರ್ಧಕ್ಕೂ ಸಾಲದು. ಬಾಗಿಲನ್ನು ಮೊದಲು ಸರಿಪಡಿಸಬೇಕೆಂದು ಹಿರಿಯರು ಹೇಳಿದರು, ಹುಡುಗರು ಬಣ್ಣವೆಂದರು. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ನಾನೂ ಹೆಚ್ಚು ಯೋಚಿಸದೆ ಎಂಜಿನ್ನಿನ ಹೊಗೆಯ ಕಡೆಗೆ ಬೊಟ್ಟು ಮಾಡಿದೆ.

ಆ ಸಂಜೆ ವ್ಯಾನಿನಲ್ಲಿ ಕುಳಿತು ಸಿಂಧನೂರಿನ ಕಡೆಗೆ ಸ್ವಲ್ಪ ದೂರ ಹೋಗಿಬಂದೆವು. ಕಾಲುವೆಯ ಸೇತುವೆಯ ಬಳಿ ಎಮ್ಮೆಯೊಂದು ಅಡ್ಡ ಬಂದಾಗ ಡ್ರೈವರು ಬ್ರೇಕನ್ನು ಒಮ್ಮೆ ಒತ್ತಿ, ಬಿಟ್ಟು, ಮತ್ತೆ ಒತ್ತಿದ. ಹೀಗೇಕೆಂದು ಕೇಳಿದೆ. ಹಿಂದಿನ ಮಾಲೀಕರ ಕಾಲದಿಂದಲೂ ಆ ವ್ಯಾನನ್ನು ಓಡಿಸುತ್ತಿದ್ದ ಆತನು, “ಎರಡು ಸಲ ಒತ್ತಿದ್ರ ಹಿಡೀತದರಿ, ಇದರ ರೂಢಿನೇ ಹಂಗ” ಎಂದ. ಮೆಕ್ಯಾನಿಕನು ವ್ಯಾನನ್ನು ನಿಂತಲ್ಲಿಯೇ ನೋಡಿದ್ದ; ಡ್ರೈವರಿಗೆ ಅದು ದೋಷವೆಂದೇ ತೋರಿರಲಿಲ್ಲ. ಹನ್ನೆರಡು ಮಂದಿಯ ಪ್ರಾಣವನ್ನು ಹೊತ್ತ ದೋಷವು ಪಟ್ಟಿಯಲ್ಲಿಯೇ ಇರಲಿಲ್ಲ!

ಸದ್ದಿನ ಕ್ರಮ ಮತ್ತು ಅಪಾಯದ ಕ್ರಮ

ಹಳೆಯ ಯಂತ್ರಗಳಲ್ಲಿ ದೋಷಗಳು ತಮ್ಮನ್ನು ಪ್ರಕಟಿಸಿಕೊಳ್ಳುವ ಕ್ರಮವೇ ಒಂದು, ಅವು ಅಪಾಯ ತರುವ ಕ್ರಮವೇ ಮತ್ತೊಂದು. ಬಡಿಯುವ ಬಾಗಿಲು ದಿನವಿಡೀ ದೂರುತ್ತದೆ. ಬ್ರೇಕಿನ ಎಣ್ಣೆಯಲ್ಲಿ ಸೇರಿದ ನೀರು ಒಂದು ಮಾತನ್ನೂ ಆಡುವುದಿಲ್ಲ. ಹಣ ಕಡಮೆಯಿರುವಾಗ ಕಿವಿಗೆ ಕೇಳಿದುದಕ್ಕೆ ಮೊದಲು ಖರ್ಚುಮಾಡುವುದು ಮನುಷ್ಯ ಸ್ವಭಾವ. ಆದುದರಿಂದ ಪ್ರತಿಯೊಂದು ದೋಷಕ್ಕೂ ಮೂರು ಪ್ರಶ್ನೆಗಳನ್ನು ಹಾಕಬೇಕು. ಈ ಭಾಗ ಓಟದ ನಡುವೆ ಕೈಕೊಟ್ಟರೆ ಪ್ರಾಣಹಾನಿ ಆದೀತೆ? ಕೈಕೊಡುವ ಮುನ್ನ ಅದು ಸೂಚನೆ ಕೊಡುತ್ತದೆಯೆ? ಕೈಕೊಟ್ಟ ಮೇಲೆ ನೆರವಿಗೆ ಬರುವ ಬೇರೊಂದು ಏರ್ಪಾಡು ಉಳಿದಿದೆಯೆ? ಮೊದಲನೆಯದಕ್ಕೆ ಹೌದೆಂದೂ ಉಳಿದೆರಡಕ್ಕೆ ಇಲ್ಲವೆಂದೂ ಉತ್ತರ ಬಂದರೆ ಆ ದುರಸ್ತಿಯೇ ಎಲ್ಲಕ್ಕಿಂತ ಮೊದಲು.

ಸಾಲಗುಂದದ ರೈತರಿಗೆ ಇದನ್ನು ತಿಳಿಸಲು ದೂರದ ಉದಾಹರಣೆ ಬೇಕಾಗಲಿಲ್ಲ. ಈ ಸೀಮೆಯ ಭತ್ತಕ್ಕೆ ನೀರು ಬರುವುದು ತುಂಗಭದ್ರಾ ಎಡದಂಡೆ ಕಾಲುವೆಯಿಂದ. ೨೦೨೪ರ ಆಗಸ್ಟ್ ೧೦ರ ರಾತ್ರಿ ಆ ಅಣೆಕಟ್ಟಿನ ೩೩ ಕ್ರೆಸ್ಟ್ ಗೇಟುಗಳಲ್ಲಿ ೧೯ನೆಯದು, ಅದನ್ನು ಹಿಡಿದಿದ್ದ ಸರಪಳಿ ತುಂಡಾಗಿ, ಕೊಚ್ಚಿಹೋಯಿತು. ಜಲಾಶಯ ಆಗ ತುಂಬಿತ್ತು. ತಾತ್ಕಾಲಿಕ ಗೇಟನ್ನು ಇಳಿಸಿ ಪ್ರವಾಹವನ್ನು ತಡೆಯುವುದಕ್ಕೆ ಸುಮಾರು ಒಂದು ವಾರ ಹಿಡಿಯಿತು. ಅಷ್ಟರಲ್ಲಿ ಅಪಾರವಾದ ನೀರು ನದಿಯ ಪಾಲಾಯಿತು. ಅಷ್ಟು ದೊಡ್ಡ ಗೇಟು ನಿಂತಿದ್ದುದು ಸರಪಳಿಯ ಬಲದ ಮೇಲೆ. ಅದು ಹರಿದಾಗ ಆ ಗೇಟನ್ನು ಹಿಡಿದು ನಿಲ್ಲಿಸುವ ಎರಡನೆಯ ಆಸರೆ ಇರಲಿಲ್ಲ. ವ್ಯಾನಿನಲ್ಲಿಯೂ ನಾವು ಮೊದಲು ಹುಡುಕಬೇಕಾದುದು ಇಂಥ ಸರಪಳಿಗಳನ್ನು.

ನಿಲ್ಲಿಸುವ ಶಕ್ತಿ

ಜನ, ಸಾಮಾನು ಸೇರಿ ವ್ಯಾನಿನ ತೂಕ ೩,೦೦೦ ಕಿಲೊಗ್ರಾಮ್ ಎಂದಿಟ್ಟುಕೊಳ್ಳೋಣ. ಗಂಟೆಗೆ ೭೨ ಕಿಲೊಮೀಟರು, ಎಂದರೆ ಸೆಕೆಂಡಿಗೆ ೨೦ ಮೀಟರು ವೇಗದಲ್ಲಿ ಅದರ ಚಲನಶಕ್ತಿ ೬ ಲಕ್ಷ ಜೂಲ್. ವೇಗವನ್ನು ಅರ್ಧಕ್ಕಿಳಿಸಿದರೆ ಶಕ್ತಿ ನಾಲ್ಕರಲ್ಲೊಂದು ಪಾಲಿಗೆ, ಒಂದೂವರೆ ಲಕ್ಷಕ್ಕೆ ಇಳಿಯುತ್ತದೆ. ಚಲನಶಕ್ತಿಯು ವೇಗದ ವರ್ಗವನ್ನು ಅನುಸರಿಸುತ್ತದೆಂಬುದನ್ನು ವಿದ್ಯಾರ್ಥಿಗಳು ಬಲ್ಲರು. ಬ್ರೇಕು ಈ ಶಕ್ತಿಯನ್ನು ನಾಶಮಾಡುವುದಿಲ್ಲ, ಘರ್ಷಣೆಯಿಂದ ಉಷ್ಣವಾಗಿ ಪರಿವರ್ತಿಸುತ್ತದೆ. ೬ ಲಕ್ಷ ಜೂಲ್ ಉಷ್ಣದಿಂದ ಸುಮಾರು ಎರಡು ಲೀಟರು ನೀರನ್ನು ಕುದಿಯುವ ಮಟ್ಟಕ್ಕೆ ತರಬಹುದು. ಒಂದು ಸಲ ವ್ಯಾನು ನಿಂತಾಗಲೆಲ್ಲ ಅಷ್ಟು ಉಷ್ಣ ಬ್ರೇಕಿನ ಲೋಹಕ್ಕೆ ಸೇರುತ್ತದೆ.

ಕೃಷ್ಣೆ ತುಂಗಭದ್ರೆಗಳ ನಡುವಣ ಈ ಎರೆಭೂಮಿ ಬಹುಮಟ್ಟಿಗೆ ಸಮತಟ್ಟಾದುದು. ಸಿಂಧನೂರಿನಿಂದ ಮಸ್ಕಿಗೋ ಲಿಂಗಸುಗೂರಿಗೋ ಹೋಗುವ ವಾಹನಕ್ಕೆ ದೀರ್ಘಕಾಲ ಬ್ರೇಕು ಹಿಡಿಯುವ ಪ್ರಸಂಗ ಬರುವುದು ವಿರಳ. ಶ್ರೀಶೈಲದ ದಾರಿ ಹಾಗಲ್ಲ. ಅದು ನಲ್ಲಮಲ ಬೆಟ್ಟಗಳ ಅರಣ್ಯದೊಳಗೆ ಸುತ್ತಿ ಏರಿ ಇಳಿಯುತ್ತದೆ. ನಮ್ಮ ವ್ಯಾನು ಒಟ್ಟು ೩೦೦ ಮೀಟರು ಕೆಳಗಿಳಿಯಿತೆಂದು ಭಾವಿಸಿದರೆ, ಅದು ಕಳೆದುಕೊಳ್ಳುವ ಸ್ಥಾನಶಕ್ತಿ ಸುಮಾರು ೮೮ ಲಕ್ಷ ಜೂಲ್. ಗಂಟೆಗೆ ೭೨ ಕಿಲೊಮೀಟರು ವೇಗದಿಂದ ಹದಿನೈದು ಸಲ ಒಂದೇ ಸಮನೆ ನಿಂತಂತಾಯಿತು. ಬಯಲಿನಲ್ಲಿ ಹತ್ತು ವರ್ಷ ತಪ್ಪದೆ ನಡೆದ ಬ್ರೇಕು ಮೊದಲ ಘಟ್ಟದಲ್ಲಿಯೇ ಸೋಲಬಹುದೆಂಬುದರ ಗುಟ್ಟು ಇದು.

ಸೋಲುವ ಬಗೆಯನ್ನೂ ನೋಡೋಣ. ಡ್ರೈವರಿನ ಪಾದದ ಒತ್ತಡವನ್ನು ಚಕ್ರಗಳಿಗೆ ಮುಟ್ಟಿಸುವುದು ಕೊಳವೆಗಳಲ್ಲಿ ತುಂಬಿರುವ ಎಣ್ಣೆ. ಮುಚ್ಚಿದ ದ್ರವದ ಮೇಲೆ ಹಾಕಿದ ಒತ್ತಡವು ಎಲ್ಲ ಕಡೆಗೂ ಸಮನಾಗಿ ಹರಡುತ್ತದೆಂಬ, ಹದಿನೇಳನೆಯ ಶತಮಾನದ ಫ್ರೆಂಚ್ ವಿಜ್ಞಾನಿ ಪಾಸ್ಕಲನ ನಿಯಮವೇ ಇದರ ಆಧಾರ. ದ್ರವವು ಕುಗ್ಗದೆ ಇದ್ದರೆ ಮಾತ್ರ ಈ ಏರ್ಪಾಡು ನಡೆಯುತ್ತದೆ. ಆದರೆ ಸಾಮಾನ್ಯ ಬ್ರೇಕ್ ಎಣ್ಣೆಗೆ ಗಾಳಿಯ ತೇವವನ್ನು ಹೀರುವ ಗುಣವಿದೆ. ‘ಡಾಟ್ ೩’ ಎಂಬ ದರ್ಜೆಯ ಹೊಸ ಎಣ್ಣೆ ಕನಿಷ್ಠ ೨೦೫ ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ಅದರಲ್ಲಿ ನೂರಕ್ಕೆ ನಾಲ್ಕು ಪಾಲಿಗೂ ಕಡಮೆ ನೀರು ಸೇರಿದರೆ ಆ ಮಿತಿ ೧೪೦ಕ್ಕೆ ಇಳಿಯುತ್ತದೆ. ಇಳಿಜಾರಿನಲ್ಲಿ ಕಾದ ಚಕ್ರದ ಬಳಿ ಎಣ್ಣೆ ಕುದಿದು ಆವಿಯ ಗುಳ್ಳೆಗಳೆದ್ದರೆ, ಪಾದದ ಒತ್ತಡವೆಲ್ಲ ಆ ಗುಳ್ಳೆಗಳನ್ನು ಅದುಮುವುದರಲ್ಲಿಯೇ ಮುಗಿಯುತ್ತದೆ. ಪೆಡಲು ನೆಲ ಮುಟ್ಟುತ್ತದೆ, ವಾಹನ ನಿಲ್ಲುವುದಿಲ್ಲ. ಅದಕ್ಕೆ ಮುಂಚೆ ಯಾವ ಸದ್ದೂ ಇರುವುದಿಲ್ಲ.

ನಮ್ಮ ವ್ಯಾನಿನ ‘ಎರಡು ಸಲ ಒತ್ತುವ’ ರೂಢಿಗೆ ಕೊಳವೆಯಲ್ಲಿ ಸೇರಿದ ಗಾಳಿ, ಸವೆದು ಡ್ರಮ್ಮಿನಿಂದ ದೂರವಾದ ಬ್ರೇಕ್ ಷೂ ಇವೆರಡೂ ಕಾರಣವಾಗಿದ್ದವು. ಗಂಟೆಗೆ ೬೦ ಕಿಲೊಮೀಟರು ವೇಗದಲ್ಲಿ ಎರಡನೆಯ ಸಲ ಒತ್ತಲು ಹಿಡಿಯುವ ಅರ್ಧ ಸೆಕೆಂಡಿನಲ್ಲಿ ವ್ಯಾನು ಎಂಟು ಮೀಟರಿಗೂ ಹೆಚ್ಚು ದೂರ ಸಾಗಿರುತ್ತದೆ. ಷೂಗಳನ್ನೂ ಹಳೆಯ ರಬ್ಬರು ಕೊಳವೆಗಳನ್ನೂ ಎಣ್ಣೆಯನ್ನೂ ಬದಲಾಯಿಸಲು ತಗಲಿದ ವೆಚ್ಚ ಬಣ್ಣದ ವೆಚ್ಚಕ್ಕಿಂತ ಕಡಮೆಯೇ ಆಯಿತು. ಎಣ್ಣೆಯನ್ನು ಎರಡು ವರ್ಷಕ್ಕೊಮ್ಮೆ ಬದಲಿಸುವುದು ಒಳ್ಳೆಯ ಪದ್ಧತಿ. ಘಟ್ಟವನ್ನು ಯಾವಾಗಲೂ ಕೆಳಗಿನ ಗೇರಿನಲ್ಲಿ ಇಳಿಯಬೇಕು. ಆಗ ಶಕ್ತಿಯ ಬಹುಪಾಲನ್ನು ಎಂಜಿನ್ನೇ ತಡೆದುಕೊಳ್ಳುತ್ತದೆ.

ನೆಲದ ಹಿಡಿತ

ಬ್ರೇಕು ಚಕ್ರವನ್ನು ನಿಲ್ಲಿಸಬಲ್ಲುದು. ವಾಹನವನ್ನು ನಿಲ್ಲಿಸುವುದು ಟೈರು. ಅಂಗೈಯಗಲದ ನಾಲ್ಕು ತುಂಡು ರಬ್ಬರು ಮಾತ್ರ ಮೂರು ಸಾವಿರ ಕಿಲೊಗ್ರಾಮನ್ನು ನೆಲಕ್ಕೆ ಬಂಧಿಸಿವೆ. ಟೈರಿನ ಪಕ್ಕದ ಗೋಡೆಯ ಮೇಲೆ ಅಚ್ಚೊತ್ತಿರುವ ನಾಲ್ಕು ಅಂಕಿಗಳನ್ನು ಹುಡುಕಿರಿ. ೨೩೧೭ ಎಂದಿದ್ದರೆ ೨೦೧೭ರ ೨೩ನೆಯ ವಾರದಲ್ಲಿ ತಯಾರಾದುದು ಎಂದರ್ಥ. ಓಡದೆ ನಿಂತ ಟೈರು ಕೂಡ ಆಮ್ಲಜನಕ, ಓಜೋನು, ಬಿಸಿಲುಗಳಿಂದ ಮುಪ್ಪಾಗುತ್ತದೆ. ಗೀರುಗಳು ಆಳವಾಗಿದ್ದರೂ ಪಕ್ಕದ ಗೋಡೆಯಲ್ಲಿ ಬಿರುಕುಗಳು ಮೂಡಿದ್ದರೆ ಅದನ್ನು ನಂಬಬಾರದು. ಗೀರುಗಳ ತಳದಲ್ಲಿ ಅಲ್ಲಲ್ಲಿ ಕಾಣುವ ಚಿಕ್ಕ ದಿಣ್ಣೆಗಳು ಸವೆತದ ಮಿತಿಯನ್ನು ಸೂಚಿಸುತ್ತವೆ. ರಬ್ಬರು ಅವುಗಳ ಮಟ್ಟಕ್ಕೆ ಬಂದರೆ ಉಳಿದ ಆಳ ೧.೬ ಮಿಲಿಮೀಟರು ಮಾತ್ರ. ಮಳೆಯ ನೀರನ್ನು ಬದಿಗೊತ್ತಲು ಅದು ಸಾಲದು.

ಇಲ್ಲಿ ಒಂದು ತಪ್ಪು ನಂಬಿಕೆಯನ್ನು ಹೇಳಬೇಕು. ರಾಯಚೂರು ಸೀಮೆಯ ಬೇಸಗೆಯಲ್ಲಿ ತಾಪ ೪೦ ಡಿಗ್ರಿಯನ್ನು ದಾಟಿದಾಗ, ಟೈರು ಸಿಡಿದೀತೆಂದು ಮಧ್ಯಾಹ್ನ ಗಾಳಿ ಬಿಡುವ ಡ್ರೈವರುಗಳಿದ್ದಾರೆ. ಲೆಕ್ಕ ನೋಡೋಣ. ಬೆಳಗಿನ ೨೭ ಡಿಗ್ರಿಯಿಂದ ಓಟದ ೬೭ ಡಿಗ್ರಿಗೆ ಗಾಳಿ ಕಾದರೆ, ಕೆಲ್ವಿನ್ ಮಾನದಲ್ಲಿ ೩೦೦ರಿಂದ ೩೪೦ಕ್ಕೆ ಏರಿದಂತೆ. ಒಳಗಿನ ನಿಜವಾದ ಒತ್ತಡದ ಏರಿಕೆ ನೂರಕ್ಕೆ ಹದಿಮೂರು ಪಾಲು. ಗಟ್ಟಿಯಾದ ಟೈರು ಇದನ್ನು ಸಹಿಸುವಂತೆಯೇ ನಿರ್ಮಿತವಾಗಿದೆ. ಗಾಳಿ ಬಿಟ್ಟರೆ ಟೈರಿನ ಗೋಡೆ ಪ್ರತಿ ಸುತ್ತಿನಲ್ಲಿಯೂ ಹೆಚ್ಚು ಬಾಗುತ್ತದೆ, ಬಾಗಿದಷ್ಟೂ ರಬ್ಬರಿನೊಳಗೆ ಉಷ್ಣ ಹುಟ್ಟುತ್ತದೆ, ಒಳಗಿನ ಪದರಗಳು ಬಿಡುತ್ತವೆ. ಸಿಡಿತವನ್ನು ತಪ್ಪಿಸಹೊರಟವರು ಅದನ್ನೇ ಬರಮಾಡಿಕೊಳ್ಳುತ್ತಾರೆ. ಗಾಳಿಯನ್ನು ಅಳೆಯಬೇಕಾದುದು ಟೈರು ತಣ್ಣಗಿರುವಾಗ, ಬೆಳಗಿನಲ್ಲಿ, ವಾಹನದ ಕೈಪಿಡಿ ಹೇಳಿದ ಪ್ರಮಾಣಕ್ಕೆ. ಪಟ್ಟಿಯಲ್ಲಿದ್ದ ಎರಡು ಟೈರುಗಳು ಹೀಗೆ ಎರಡನೆಯ ಸ್ಥಾನಕ್ಕೆ ಬಂದವು. ಚಕ್ರದ ಬೇರಿಂಗು, ಸ್ಟಿಯರಿಂಗಿನ ಕೀಲುಗಳನ್ನೂ ಅದೇ ದಿನ ಅಲುಗಿಸಿ ನೋಡಿಸಿದೆವು, ಅವು ಸರಿಯಾಗಿದ್ದವು.

ನಿಂತ ವಾಹನದ ಅಪಾಯ

ಸಾಮಾನ್ಯ ವ್ಯಾನಿನ ಅಪಾಯ ಅದು ನಿಂತೊಡನೆ ಮುಗಿಯುತ್ತದೆ. ಮಲಗುವ, ಅಡುಗೆ ಮಾಡುವ ವ್ಯಾನಿನದು ಹಾಗಲ್ಲ. ೨೦೨೩ರ ಆಗಸ್ಟ್ ೨೬ರ ಬೆಳಗಿನ ಜಾವ ಮಧುರೆಯ ರೈಲು ನಿಲ್ದಾಣದ ಬಳಿ, ಉತ್ತರಪ್ರದೇಶದ ಯಾತ್ರಿಕರಿದ್ದ ಬೋಗಿಯೊಂದು ಬೇರ್ಪಡಿಸಿ ನಿಲ್ಲಿಸಿದ್ದಾಗಲೇ ಬೆಂಕಿಗೆ ಆಹುತಿಯಾಗಿ ಒಂಬತ್ತು ಮಂದಿ ಸತ್ತರು. ನಿಯಮ ಮೀರಿ ಒಳಗೆ ಒಯ್ದಿದ್ದ ಗ್ಯಾಸ್ ಸಿಲಿಂಡರೇ ಕಾರಣವೆಂದು ರೈಲ್ವೆ ಇಲಾಖೆ ತಿಳಿಸಿತು. ೨೦೨೪ರ ಡಿಸೆಂಬರಿನಲ್ಲಿ ಕೇರಳದ ವಡಕರದಲ್ಲಿ ರಸ್ತೆಬದಿಗೆ ನಿಂತಿದ್ದ ಕ್ಯಾರವಾನೊಂದರೊಳಗೆ ಇಬ್ಬರು ಸತ್ತಿದ್ದರು. ಜನರೇಟರಿನ ಹೊಗೆಯಲ್ಲಿದ್ದ ಕಾರ್ಬನ್ ಮಾನಾಕ್ಸೈಡ್ ಒಳಗೆ ಸೇರಿದ್ದೇ ಅದಕ್ಕೆ ಕಾರಣವಾಗಿತ್ತು.

ಅಡುಗೆಯ ಅನಿಲವು ಗಾಳಿಗಿಂತ ಒಂದೂವರೆಯಿಂದ ಎರಡು ಪಾಲು ಭಾರವಾದುದು. ಸೋರಿದರೆ ಮೇಲೇರಿ ಹೊರಗೆ ಹೋಗುವುದಿಲ್ಲ. ನೀರಿನಂತೆ ತಳಕ್ಕಿಳಿದು, ಮಲಗಿದವರ ಮಟ್ಟದಲ್ಲಿಯೇ ಶೇಖರವಾಗುತ್ತದೆ. ಗಾಳಿಯಲ್ಲಿ ನೂರಕ್ಕೆ ಸುಮಾರು ಎರಡು ಪಾಲು ಸೇರಿದರೆ ಕಿಡಿ ತಗಲಿ ಹೊತ್ತಿಕೊಳ್ಳಬಲ್ಲುದು. ಹನ್ನೆರಡು ಘನಮೀಟರು ಅವಕಾಶವುಳ್ಳ ವ್ಯಾನಿಗೆ ಅದು ಅರ್ಧ ಕಿಲೊಗ್ರಾಮಿನಷ್ಟಾಯಿತು. ಮನೆಯ ಸಿಲಿಂಡರಿನಲ್ಲಿರುವುದು ೧೪.೨ ಕಿಲೊಗ್ರಾಮ್. ನಾವು ಮಾಡಿದ ಅತ್ಯಂತ ಅಗ್ಗದ ದುರಸ್ತಿ ಇಲ್ಲಿಯೇ: ಸಿಲಿಂಡರನ್ನು ಮನೆಯಲ್ಲಿ ಬಿಟ್ಟೆವು. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಬುತ್ತಿ ಇರುವ ನಾಡಿನವರಿಗೆ ಎರಡು ದಿನ ಒಲೆ ಇಲ್ಲದೆ ಕಳೆಯುವುದು ಕಷ್ಟವಲ್ಲ.

ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೊಗ್ಲೋಬಿನ್ನು ಆಮ್ಲಜನಕಕ್ಕಿಂತ ಇನ್ನೂರು ಪಾಲಿಗೂ ಹೆಚ್ಚಿನ ಒಲವಿನಿಂದ ಅದನ್ನು ಹಿಡಿದುಕೊಳ್ಳುತ್ತದೆ. ನಿದ್ದೆಯಲ್ಲಿರುವವನಿಗೆ ಎಚ್ಚರವೇ ಆಗದೆ ಹೋಗಬಹುದು. ಪಟ್ಟಿಯಲ್ಲಿ ಬರಿಯ ಸದ್ದಿನ ತೊಂದರೆಯೆಂದು ತೋರಿದ್ದ ಸೈಲೆನ್ಸರಿನ ತೂತು ಇದರಿಂದ ಬಹಳ ಮೇಲಕ್ಕೆ ಬಂದಿತು. ಆ ತೂತು ಮಲಗುವ ಹಲಗೆಯ ಕೆಳಗೇ ಇತ್ತು. ತುಕ್ಕು ತಿಂದ ತಳದಲ್ಲಿ ಸಂದುಗಳೂ ಇದ್ದವು. ಸದ್ದು ಮಾಡುವ ದೋಷವೆಲ್ಲ ಕ್ಷುಲ್ಲಕವೆಂದು ತಿಳಿಯುವುದೂ ತಪ್ಪೇ. ಸದ್ದನ್ನು ಮರೆತು ಮೂರು ಪ್ರಶ್ನೆಗಳನ್ನೇ ಕೇಳಬೇಕು. ಕೊಳವೆಯನ್ನು ಬದಲಿಸಿ, ಸಂದುಗಳನ್ನು ಮುಚ್ಚಿಸಿ, ಎಂಜಿನ್ನು ಓಡುತ್ತಿರುವಾಗ ಯಾರೂ ಮಲಗಬಾರದೆಂದು ಕಟ್ಟುಮಾಡಿದೆವು.

ವಯರುಗಳ ಗೋಜಲೂ ಇದೇ ಗುಂಪಿನದು. ತಂತಿಯಲ್ಲಿ ಹುಟ್ಟುವ ಉಷ್ಣವು ವಿದ್ಯುತ್ ಪ್ರವಾಹದ ವರ್ಗವನ್ನು ಅನುಸರಿಸುತ್ತದೆ. ಪ್ರವಾಹ ಇಮ್ಮಡಿಯಾದರೆ ಉಷ್ಣ ನಾಲ್ಮಡಿ. ಫ್ಯೂಸು ಪದೇ ಪದೇ ಸುಡುತ್ತದೆಂದು ಯಾರೋ ಅಲ್ಲಿ ದಪ್ಪ ತಂತಿ ಸುತ್ತಿದ್ದರು. ಕಾವಲುಗಾರ ಕೂಗುತ್ತಾನೆಂದು ಅವನ ಬಾಯಿ ಕಟ್ಟಿದಂತೆ! ಹೆಚ್ಚಿನ ಫ್ಯಾನು, ದೀಪಗಳನ್ನು ಕಿತ್ತುಹಾಕಿ ಸರಿಯಾದ ಫ್ಯೂಸನ್ನು ಹಾಕಿಸಿದೆವು.

ಕಾಣುವುದು, ಕಾಣಿಸಿಕೊಳ್ಳುವುದು

ಮೂರನೆಯ ಗುಂಪಿನಲ್ಲಿ ಹಿಂದೀಪ, ವೈಪರು, ಆಸನದ ಬೋಲ್ಟುಗಳು. ಎದುರಿನ ವಸ್ತುವನ್ನು ಕಂಡು ಬ್ರೇಕಿಗೆ ಕಾಲಿಡಲು ಡ್ರೈವರಿಗೆ ಒಂದು ಸೆಕೆಂಡು ಬೇಕೆನ್ನೋಣ. ಸೆಕೆಂಡಿಗೆ ೨೦ ಮೀಟರು ವೇಗದಲ್ಲಿ ಆಗಲೇ ೨೦ ಮೀಟರು ಕಳೆದಿರುತ್ತದೆ. ಸಾಧಾರಣ ಬ್ರೇಕಿನಿಂದ ನಿಲ್ಲಲು ಇನ್ನೂ ೪೦ ಮೀಟರು ಬೇಕು. ಹಿಂದಿನಿಂದ ಬರುವ ಲಾರಿಗೆ ನಮ್ಮ ವ್ಯಾನು ಅರವತ್ತು ಮೀಟರಿಗಿಂತ ಮುಂಚೆಯೇ ಕಾಣಬೇಕು. ಸುಗ್ಗಿಯ ರಾತ್ರಿಗಳಲ್ಲಿ ಹಿಂದೀಪವಿಲ್ಲದ ಭತ್ತದ ಟ್ರಾಕ್ಟರನ್ನು ಕಡೆಯ ಗಳಿಗೆಯಲ್ಲಿ ಕಂಡು ಬೆಚ್ಚಿದವರಿಗೆ ಒಂದು ಬಲ್ಬಿನ ಬೆಲೆಯನ್ನು ವಿವರಿಸಬೇಕಾಗಿಲ್ಲ.

ಆಸನದ ವಿಷಯ ನ್ಯೂಟನ್ನನ ಮೊದಲನೆಯ ನಿಯಮಕ್ಕೆ ಸೇರಿದುದು. ವ್ಯಾನು ಹಠಾತ್ತನೆ ನಿಂತರೂ ಕಟ್ಟದ ಪಾತ್ರೆ, ನೀರಿನ ಕ್ಯಾನು, ಸಡಿಲ ಆಸನ, ಅದರ ಮೇಲೆ ಕುಳಿತ ಅಜ್ಜಿ ಎಲ್ಲರೂ ಹಿಂದಿನ ವೇಗದಿಂದಲೇ ಮುನ್ನಡೆಯುತ್ತಾರೆ. ಆದುದರಿಂದ ಬೋಲ್ಟುಗಳನ್ನು ಬಿಗಿಸಿ, ಬೆಲ್ಟುಗಳನ್ನು ಹಾಕಿಸಿ, ಭಾರದ ಸಾಮಾನನ್ನು ಕೆಳಗಿಟ್ಟು ಹಗ್ಗದಿಂದ ಕಟ್ಟಿದೆವು. ವ್ಯಾನು ಓಡುವಾಗ ಹಲಗೆಯ ಮೇಲೆ ಯಾರೂ ಮಲಗಕೂಡದೆಂಬುದೂ ಗೊತ್ತಾಯಿತು.

ರೇಡಿಯೇಟರು, ಎಂಜಿನ್ನಿನ ಹೊಗೆ ನಾಲ್ಕನೆಯ ಗುಂಪಿನವು. ಎಂಜಿನ್ನು ಕಾದು ನಿಂತರೆ ಪ್ರಯಾಣ ಕೆಡುತ್ತದೆ. ಆದರೆ ಕಾಯುವ ಮುನ್ನ ಮುಳ್ಳು ಏರಿ ಸೂಚನೆ ಕೊಡುತ್ತದೆ, ಬದಿಗೆ ನಿಲ್ಲಿಸಲು ಅವಕಾಶವಿರುತ್ತದೆ. ಉಳಿದಿದ್ದ ಹಣದಲ್ಲಿ ರೇಡಿಯೇಟರಿಗೆ ಬೆಸುಗೆ ಹಾಕಿಸಿ, ಹೊಗೆಯನ್ನು ಮುಂದಿನ ಬೆಳೆಗೆ ಬಿಟ್ಟೆವು. ಬಾಗಿಲು, ಛಾವಣಿ, ಬಣ್ಣಗಳದು ಕಡೆಯ ಸ್ಥಾನ. ಬಾಗಿಲಿನ ಚಿಲಕ ಭದ್ರವಾಗಿ ಹಿಡಿಯುತ್ತದೆಯೇ ಎಂಬುದನ್ನು ಮಾತ್ರ ಪರೀಕ್ಷಿಸಿದೆವು. ಅದು ಹಿಡಿಯುತ್ತಿತ್ತು, ಸವೆದಿದ್ದುದು ಅಂಚಿನ ರಬ್ಬರು.

ವಿದ್ಯಾರ್ಥಿಗಳು ಮಾಡಬಹುದಾದುದು

ಬ್ರೇಕನ್ನು ಬಿಚ್ಚುವುದು ತಿಳಿದ ಮೆಕ್ಯಾನಿಕನ ಕೆಲಸ. ಪರೀಕ್ಷಿಸುವುದು ನಿಮ್ಮಿಂದಲೂ ಸಾಧ್ಯ. ನಿಂತ ವಾಹನದ ಬ್ರೇಕ್ ಪೆಡಲನ್ನು ಅರ್ಧ ನಿಮಿಷ ಬಲವಾಗಿ ಒತ್ತಿಹಿಡಿಯಿರಿ. ಅದು ಮೆಲ್ಲನೆ ಕೆಳಗಿಳಿದರೆ ಎಲ್ಲಿಯೋ ಸೋರುತ್ತಿದೆ. ಸ್ಪಂಜಿನಂತೆ ಮೆತ್ತಗಿದ್ದರೆ ಕೊಳವೆಯಲ್ಲಿ ಗಾಳಿಯಿದೆ. ಚಕ್ರಗಳ ಒಳಬದಿಯಲ್ಲಿ ಎಣ್ಣೆಯ ಒದ್ದೆಯಿದೆಯೇ ನೋಡಿರಿ. ಟೈರಿನ ನಾಲ್ಕು ಅಂಕಿಗಳನ್ನು ಓದಿರಿ. ಒಬ್ಬರು ಒಳಗೆ ಕುಳಿತು ದೀಪಗಳನ್ನು ಹಾಕಲಿ, ಮತ್ತೊಬ್ಬರು ಸುತ್ತ ನಡೆದು ನೋಡಲಿ. ಕೊನೆಯದಾಗಿ ಡ್ರೈವರನ್ನು ಒಂದು ಮಾತು ಕೇಳಿರಿ: “ಈ ಗಾಡಿಯ ರೂಢಿ ಏನೇನು?” ಎಂದು. ದುರಸ್ತಿಯ ಪಟ್ಟಿಯಲ್ಲಿಲ್ಲದ ದೋಷಗಳು ಆ ಉತ್ತರದಲ್ಲಿರುತ್ತವೆ. ಖಾಸಗಿ ವಾಹನಕ್ಕೆ ಹದಿನೈದು ವರ್ಷ ತುಂಬಿದ ಮೇಲೆ ಸರ್ಕಾರವು ನೋಂದಣಿಯನ್ನು ನವೀಕರಿಸುವಾಗ ತಪಾಸಣೆ ಮಾಡುತ್ತದೆ, ನಿಜ. ಅದು ಐದು ವರ್ಷಗಳಿಗೊಮ್ಮೆ ಬರುವ ಒಂದು ದಿನ. ಉಳಿದ ದಿನಗಳ ಹೊಣೆ ಬಳಸುವವರದು.

ಯುಗಾದಿಯ ಮುನ್ನ ವ್ಯಾನು ಶ್ರೀಶೈಲಕ್ಕೆ ಹೋಗಿಬಂದಿತು. ಘಟ್ಟದ ಇಳಿಜಾರನ್ನು ಡ್ರೈವರು ಎರಡನೆಯ ಗೇರಿನಲ್ಲಿ ಇಳಿದ. ಬ್ರೇಕು ಒಂದೇ ಒತ್ತಿಗೆ ಹಿಡಿಯಿತು. ಹಳೆಯ ರೂಢಿಯಿಂದ ಆತನ ಕಾಲು ಮೊದಲ ದಿನವೆಲ್ಲ ಎರಡು ಸಲ ಒತ್ತುತ್ತಲೇ ಇತ್ತಂತೆ. ಬಾಗಿಲಾದರೋ ಸಾಲಗುಂದದಿಂದ ಹೊರಟಾಗಿನಿಂದ ಮರಳಿ ಬರುವವರೆಗೂ ಬಡಿಯಿತು. ಹಿರಿಯರು ಈಗಲೂ ಅದರ ಮೇಲೆ ದೂರು ಹೇಳುತ್ತಾರೆ. ಮುಂದಿನ ಸುಗ್ಗಿಯಲ್ಲಿ ಅದನ್ನೂ ಸರಿಪಡಿಸಬೇಕೆಂದಿದ್ದೇವೆ.